ಕೈತೋಟ ಪ್ರಶ್ನೋತ್ತರ: ರೋಹಿಣಿ ಮಳೆಗೆ ಮೊದಲು

ಏಪ್ರಿಲ್ ಕೊನೆಯಿಂದ ಬಂದ ಪತ್ರಗಳ ಧಾಟಿ ಹೆಚ್ಚುಕಡಿಮೆ ಒಂದೇ: ಗಿಡ ಸೊರಗಿದೆ, ಹೂ ಉದುರುತ್ತಿದೆ, ಯಾವ ಗೊಬ್ಬರ ಹಾಕಬೇಕು? ಬೇಸಿಗೆಯ ಕೊನೆಯ ಈ ವಾರಗಳಲ್ಲಿ ಗೊಬ್ಬರದಿಂದ ಸರಿಹೋಗುವ ತೊಂದರೆ ತೀರ ಕಡಿಮೆ. ಬಾಯಾರಿದ ಬೇರಿಗೆ ಗೊಬ್ಬರ ಸುರಿದರೆ ಆ ಉಪ್ಪು ಬೇರನ್ನೇ ಸುಡುತ್ತದೆ. ನೀರು, ನೆರಳು, ಕೀಟದ ಗುರುತು, ಬೀಜ ಹಾಕುವ ಕಾಲ ಇವುಗಳ ಪ್ರಶ್ನೆಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ (ಕಲಬುರಗಿ): ಟೊಮೆಟೊ ಗಿಡ ಎದೆಯೆತ್ತರ ಬೆಳೆದಿವೆ, ಹೂವೂ ಧಾರಾಳ. ಆದರೆ ಕಾಯಿ ಕಟ್ಟುವ ಮೊದಲೇ ಹೂ ತೊಟ್ಟಿನ ಸಮೇತ ಉದುರುತ್ತದೆ. ಡಿಎಪಿ ಗೊಬ್ಬರ ಹಾಕಿದೆ, 19:19:19 ಗೊಬ್ಬರ ನೀರಿಗೆ ಬೆರೆಸಿ ಸಿಂಪಡಿಸಿದೆ. ಇನ್ನೇನು ಕೊಡಲಿ?

ಉತ್ತರ: ಇನ್ನೇನೂ ಕೊಡಬೇಡಿ. ಟೊಮೆಟೊ ಹೂವಿನ ಪರಾಗ ಹಗಲು 35 ಡಿಗ್ರಿ, ರಾತ್ರಿ 22–24 ಡಿಗ್ರಿ ದಾಟುತ್ತಿದ್ದಂತೆ ಕಸುವು ಕಳೆದುಕೊಳ್ಳುತ್ತದೆ. ನಿಮ್ಮ ಊರಿನಲ್ಲಿ ಮೇ ತಿಂಗಳ ಹಗಲು 40ರ ಆಸುಪಾಸು. ರಾತ್ರಿಯೂ ತಣಿಯುವುದಿಲ್ಲ. ಫಲ ಕಟ್ಟದ ಹೂವನ್ನು ಗಿಡ ತಾನೇ ಕಳಚಿಹಾಕುತ್ತದೆ. ರಾತ್ರಿಯ ಸೆಕೆಯನ್ನು ನೆರಳು ಬಲೆಯೂ ಇಳಿಸಲಾರದು, ಗೊಬ್ಬರವಂತೂ ಇಲ್ಲವೇ ಇಲ್ಲ. ಈ ಗೊಬ್ಬರಗಳಲ್ಲಿರುವ ಸಾರಜನಕ ಹೆಚ್ಚಾದರೆ ಎಲೆ ಮಾತ್ರ ದಟ್ಟವಾಗುತ್ತದೆ. ನಿಮ್ಮ ಗಿಡ ಎದೆಯೆತ್ತರಕ್ಕೆ ಏರಿದ್ದರಲ್ಲಿ ಅದರ ಪಾಲೂ ಇರಬಹುದು.

ಗಿಡಕ್ಕೆ ಎರಡು ತಿಂಗಳೊಳಗಿನ ವಯಸ್ಸಾಗಿದ್ದರೆ ಉಳಿಸಿಕೊಳ್ಳಿ. ಪಡುವಣ ದಿಕ್ಕಿಗೆ ಮತ್ತು ಮೇಲುಗಡೆ ಶೇ 35ರಿಂದ 50ರ ನೆರಳು ಬಲೆ ಕಟ್ಟಿ. ಶೇ 75ರದ್ದು ಬೇಡ, ಟೊಮೆಟೊ ಅಷ್ಟು ಕತ್ತಲಲ್ಲಿ ಬಾಳುವುದಿಲ್ಲ. ಬಲೆಗೂ ಗಿಡದ ತುದಿಗೂ ನಡುವೆ ಎರಡಡಿಯಾದರೂ ಗಾಳಿಯಾಡಲಿ. ಬುಡಕ್ಕೆ ಎರಡಂಗುಲ ಒಣ ಎಲೆ ಅಥವಾ ಕಬ್ಬಿನ ರವದಿ ಹೊದಿಸಿ. ಬೆಳಿಗ್ಗೆ 7ರಿಂದ 10ರೊಳಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಇದ್ದಷ್ಟು ಪರಾಗವಾದರೂ ಉದುರುತ್ತದೆ.

ನೀರು ಒಂದು ದಿನ ಕೆರೆಯಷ್ಟು, ಮೂರು ದಿನ ಬರ ಎಂಬಂತೆ ಆಗಬಾರದು. ಹೀಗೆ ಏರುಪೇರಾದಾಗ ಸುಣ್ಣದ ಅಂಶ ಕಾಯಿಯ ತುದಿಯವರೆಗೆ ತಲುಪದೆ ಕಾಯಿಯ ಅಡಿ ಕಪ್ಪಾಗಿ ಕುಗ್ಗುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರು ಬಹಳ.

ಗಿಡಕ್ಕೆ ಮೂರು ತಿಂಗಳು ದಾಟಿದ್ದರೆ ಕಿತ್ತುಬಿಡುವುದೇ ಲೇಸು. ಆ ಜಾಗದಲ್ಲಿ ಬೆಂಡೆ, ಚವಳಿಕಾಯಿ, ಹರಿವೆ ಹಾಕಿ. ಇವು ನಿಮ್ಮ ಬಿಸಿಲಿಗೆ ಅಂಜುವ ಬೆಳೆಗಳಲ್ಲ. ಟೊಮೆಟೊ ಬೀಜವನ್ನು ಮೇ ಕೊನೆಯ ವಾರ ನೆರಳಿನಲ್ಲಿ ಟ್ರೇಗೆ ಹಾಕಿ. ಆಳ ಅರ್ಧ ಸೆಂಟಿಮೀಟರ್ ಸಾಕು. 25 ದಿನದ ಸಸಿ ಜೂನ್ ಉತ್ತರಾರ್ಧದಲ್ಲಿ ನೆಲಕ್ಕೆ ಬಂದರೆ ಹೂ ಬಿಡುವ ಹೊತ್ತಿಗೆ ಹವೆ ತಣ್ಣಗಾಗಿರುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಎಲೆ ಮುಟುರು ನಂಜು, ಬ್ಯಾಕ್ಟೀರಿಯಾ ಸೊರಗು, ಮುಂಚಿನ ಅಂಗಮಾರಿ ಮೂರಕ್ಕೂ ತಡೆ ಇರುವಂಥದ್ದು. ಆದರೆ ಅದು ಹೈಬ್ರಿಡ್. ಹಣ್ಣಿನಿಂದ ಬೀಜ ತೆಗೆದಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಪ್ರಶ್ನೆ (ಬೆಂಗಳೂರು): ತಾರಸಿಯಲ್ಲಿ ಇಪ್ಪತ್ತು ಗ್ರೋ ಬ್ಯಾಗ್‌ಗಳಿವೆ. ದಿನಕ್ಕೆ ಎರಡು ಬಾರಿ ನೀರು ಹಾಕಿದರೂ ಮಧ್ಯಾಹ್ನ ಗಿಡಗಳೆಲ್ಲ ತಲೆ ಬಾಗಿಸುತ್ತವೆ. ನೀರಿಗೂ ತತ್ವಾರ. ಪಾತ್ರೆ ತೊಳೆದ ನೀರು, ಆರ್‌ಒ ನೀರು, ವಾಷಿಂಗ್ ಮಷಿನ್ ನೀರು ಹಾಕಬಹುದೇ?

ಉತ್ತರ: ಮಧ್ಯಾಹ್ನ ಬಾಗಿದ ಎಲೆ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಬೇರು ಎಳೆಯುವುದಕ್ಕಿಂತ ಎಲೆ ಬಿಡುವ ನೀರು ಹೆಚ್ಚಾದಾಗ ಚೆನ್ನಾಗಿರುವ ಗಿಡವೂ ಬಾಗುತ್ತದೆ, ಬಿಸಿಲಿಳಿದ ಮೇಲೆ ಏಳುತ್ತದೆ. ನೋಡಬೇಕಾದ ಹೊತ್ತು ಬೆಳಗಿನ ಆರೂವರೆ. ಆಗ ಎಲೆ ನಿಗುರಿದ್ದರೆ ಚಿಂತೆಯಿಲ್ಲ. ಆಗಲೂ ಜೋತುಬಿದ್ದಿದ್ದರೆ ಒಂದೋ ಚೀಲದ ನಡುಭಾಗ ಒಣಗಿದೆ, ಇಲ್ಲವೇ ಬೇರು ಕೊಳೆತಿದೆ. ಒಂದು ಗೇಣಿನ ಕಡ್ಡಿ ಚುಚ್ಚಿ ತೆಗೆಯಿರಿ. ಒಣಗಿಯೇ ಬಂದರೆ ಮೊದಲನೆಯದು, ಕೆಸರಂಟಿ ಹುಳಿವಾಸನೆ ಬಂದರೆ ಎರಡನೆಯದು.

ತಾರಸಿಯಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕಿದ ನೀರು ಚೀಲದ ಅಂಚಿನ ಬಿರುಕಿನಿಂದಿಳಿದು ಕೆಳಗಿನ ತೂತಿನಲ್ಲಿ ಹೊರಬರುತ್ತದೆ. ನೀವು ‘ನೀರು ತುಂಬಿತು’ ಅಂದುಕೊಳ್ಳುತ್ತೀರಿ. ಅಂಥ ಚೀಲವನ್ನು ಅರ್ಧ ನೀರಿರುವ ಟಬ್ಬಿನಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಕೆಳಗಿನಿಂದ ಹೀರಿಕೊಳ್ಳುತ್ತದೆ. ಎತ್ತಲಾಗದ ದೊಡ್ಡ ಚೀಲವಾದರೆ ಹತ್ತು ಹತ್ತು ನಿಮಿಷ ಬಿಟ್ಟು ಮೂರು ಕಂತಿನಲ್ಲಿ ನಿಧಾನವಾಗಿ ಹಾಕಿ. ಮುಂದಿನ ಸಲ ಮಣ್ಣು ಕಲಸುವಾಗ ಕೋಕೋಪೀಟ್ ಮೂರನೇ ಒಂದು ಪಾಲು ಮೀರದಿರಲಿ. ಉಳಿದದ್ದು ಕೆಂಪು ಮಣ್ಣು ಮತ್ತು ಕಳಿತ ಗೊಬ್ಬರ, ಸಮಸಮ.

ಒಂದಡಿ ಅಗಲ, ಒಂದಡಿ ಎತ್ತರದ ಚೀಲದಲ್ಲಿರುವ ಬದನೆ, ಟೊಮೆಟೊಗೆ ಈಗ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಬೇಕು. ಎಂಟು ಗಂಟೆಯೊಳಗೆ ಮುಕ್ಕಾಲು ಪಾಲು ಹಾಕಿ, ಉಳಿದದ್ದನ್ನು ಸಂಜೆ ಕೊಡಿ. ಪೈಪಿನಿಂದ ಹಾಕುವವರು ಮೊದಲ ನೀರನ್ನು ಬಕೆಟ್ಟಿಗೆ ಬಿಟ್ಟು ಕೈಯಿಟ್ಟು ನೋಡಿ. ಬಿಸಿಲಿಗೆ ಬಿದ್ದಿದ್ದ ಪೈಪಿನ ನೀರು ಬೇರನ್ನು ಬೇಯಿಸುವಷ್ಟು ಕಾದಿರುತ್ತದೆ. ಕಾಂಕ್ರೀಟಿನ ಕಾವು ಚೀಲದ ತಳಕ್ಕೆ ತಾಗದಂತೆ ಎರಡೆರಡು ಇಟ್ಟಿಗೆಯ ಮೇಲಿಡಿ. ದೂರದೂರ ಇಟ್ಟ ಚೀಲಗಳನ್ನು ಒತ್ತಾಗಿ ಜೋಡಿಸಿದರೆ ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ. ಪಡುವಣ ಸಾಲಿನ ಚೀಲಗಳಿಗೆ ಗೋಣಿತಾಟು ಸುತ್ತಿ.

ಇನ್ನು ನೀರಿನ ಮೂಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ನೆನಪಿರಬಹುದು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲವೆಂದು ಹೇಳಲಾಗದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಅಂದಂದೇ ಹಾಕಿ. ಉಪ್ಪು ಹಾಕಿ ಬೇಯಿಸಿದ್ದು ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿರುವುದಿಲ್ಲ, ಕೊಳವೆಬಾವಿಯ ಗಡಸು ನೀರಿಗಿಂತ ಅದೇ ವಾಸಿ. ಆರ್‌ಒ ಹೊರಹಾಕುವ ನೀರು ಮೂಲ ನೀರಿಗಿಂತ ಹೆಚ್ಚು ಉಪ್ಪಾಗಿರುತ್ತದೆ. ಕೊಳವೆಬಾವಿಯ ನೀರನ್ನು ಆರ್‌ಒಗೆ ಬಿಡುವ ಮನೆಗಳಲ್ಲಿ ಅದನ್ನು ನೆಲ ಒರೆಸಲು ಬಳಸಿ, ಕುಂಡಕ್ಕೆ ಬೇಡ. ವಾಷಿಂಗ್ ಮಷಿನ್ನಿನ ಕೊನೆಯ ಜಾಲಿಸಿದ ನೀರು ಮಾತ್ರ, ಅದೂ ದಾಸವಾಳ, ನಂದಿಬಟ್ಟಲಿನಂಥ ನೆಲದ ಗಿಡಗಳಿಗೆ ಸರದಿಯಂತೆ. ಸೊಪ್ಪಿಗೆ ಬೇಡವೇ ಬೇಡ. ಪಾತ್ರೆ ತೊಳೆದ ನೀರಿನಲ್ಲಿ ಜಿಡ್ಡು, ಉಪ್ಪು, ಸೋಪು ಮೂರೂ ಇರುವುದರಿಂದ ಅದನ್ನು ಬಿಟ್ಟುಬಿಡಿ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ ಎಲೆಯಂಚು ಕಂದಾದರೆ ಉಪ್ಪು ಕೂಡಿದೆ ಎಂದರ್ಥ. ಮೇಲಿನ ಒಂದಂಗುಲ ಮಣ್ಣು ಕೆರೆದು ತೆಗೆದು, ಮೊದಲ ಜೋರು ಮಳೆಗೆ ಚೀಲಗಳನ್ನು ಬಯಲಿನಲ್ಲೇ ನೆನೆಯಲು ಬಿಡಿ. ತೂತು ಕಟ್ಟಿಕೊಂಡಿಲ್ಲವೆಂದು ಮೊದಲೇ ನೋಡಿಕೊಂಡಿರಿ.

ಪ್ರಶ್ನೆ (ಮೈಸೂರು): ದುಂಡು ಮಲ್ಲಿಗೆಯ ಮೊಗ್ಗು ಅರಳುವ ಮೊದಲೇ ನೇರಳೆ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಈಗ ಸವರಬಹುದೇ?

ಉತ್ತರ: ಒಣಗಿದ ನಾಲ್ಕೈದು ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಮೊಗ್ಗಿನಲ್ಲಿ ತೂತಿದ್ದು, ಒಳಗೆ ಕರಿತಲೆಯ ಹಸಿರು ಮರಿಹುಳು, ಅದರ ಹಿಕ್ಕೆ ಸಿಕ್ಕಿದರೆ ಅದು ಮೊಗ್ಗು ಕೊರೆಯುವ ಹುಳು. ಒಂದೇ ಹುಳು ಎಳೆ ನೇಯ್ದು ಪಕ್ಕದ ಮೊಗ್ಗುಗಳಿಗೂ ದಾಟುತ್ತದೆ. ತೂತಿಲ್ಲದೆ ಮೊಗ್ಗಿನ ಬುಡ ಉಬ್ಬಿದ್ದು, ಒಳಗೆ ಸಾಸಿವೆಗಿಂತ ಸಣ್ಣ ಮರಿಗಳು ಹರಿದಾಡುತ್ತಿದ್ದರೆ ಮೊಗ್ಗು ನೊಣ. ಎರಡರಲ್ಲೂ ಬಣ್ಣ ಕೆಡುತ್ತದೆ, ಆದ್ದರಿಂದ ಬಣ್ಣ ನೋಡಿ ನಿರ್ಧರಿಸಬೇಡಿ.

ಕೆಟ್ಟ ಮೊಗ್ಗನ್ನು ದಿನಾ ಕಿತ್ತು ಸೋಪಿನ ನೀರಿಗೆ ಹಾಕಿ. ಬುಡಕ್ಕೆ ಎಸೆದರೆ ನೊಣದ ಮರಿ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ಮೇಲೆ ಬರುತ್ತದೆ. ಬುಡದ ಮಣ್ಣನ್ನು ಒಂದಂಗುಲ ಕೆದಕಿ ಗಿಡಕ್ಕೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ. ಹುಳುವಿಗೆ ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ., ವಾರಕ್ಕೊಮ್ಮೆ ಮೂರು ಬಾರಿ, ಹೂ ಬಿಡಿಸಿದ ಸಂಜೆ. ಮುಡಿಗೂ ದೇವರಿಗೂ ಹೋಗುವ ಹೂವಿಗೆ ಅಂಗಡಿಯ ಕಟು ಔಷಧಿ ಹೊಡೆಯುವುದನ್ನು ನಾವಂತೂ ಒಪ್ಪುವುದಿಲ್ಲ.

ಈಗ ಗಟ್ಟಿಯಾಗಿ ಸವರಬೇಡಿ. ನಮ್ಮ ಬಯಲುಸೀಮೆಯಲ್ಲಿ ದುಂಡು ಮಲ್ಲಿಗೆ ಸವರುವ ಕಾಲ ನವೆಂಬರ್ ಕೊನೆ. ಈಗ ಒಣಕಡ್ಡಿ ಮತ್ತು ಬುಡದಿಂದೆದ್ದ ಸೊಟ್ಟ ಚಿಗುರು ತೆಗೆದು ನಡುವೆ ಬೆಳಕು ಬೀಳುವಂತೆ ಮಾಡಿದರೆ ಸಾಕು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಗಡಸು ನೀರಿನಿಂದಾದ ಕಬ್ಬಿಣದ ಕೊರತೆ. ಫೆರಸ್ ಸಲ್ಫೇಟ್ 5 ಗ್ರಾಂ, ಅರ್ಧ ಹೋಳು ನಿಂಬೆರಸ ಒಂದು ಲೀಟರ್ ನೀರಿಗೆ ಹಾಕಿ ಎಲೆಗೆ ಸಿಂಪಡಿಸಿ. ಕಲಸಿದ ಕೂಡಲೇ ಬಳಸಿ, ಇಟ್ಟರೆ ತುಕ್ಕಾಗುತ್ತದೆ.

ಪ್ರಶ್ನೆ (ದಾವಣಗೆರೆ): ಚಪ್ಪರದ ತುಂಬ ಹೀರೆ ಹೂ. ಆದರೆ ಎಳೆಗಾಯಿ ಬೆರಳುದ್ದವಾಗುವ ಮೊದಲೇ ಹಳದಿಯಾಗಿ ಬೀಳುತ್ತದೆ. ಉಳಿದ ಒಂದೆರಡು ಕಾಯಿ ಸೊಟ್ಟಗಾಗಿ ಒಳಗೆ ಹುಳ.

ಉತ್ತರ: ಇಲ್ಲಿ ಎರಡು ತೊಂದರೆಗಳಿವೆ. ಬೆರಳುದ್ದವಾಗುವ ಮೊದಲೇ ಹಳದಿಯಾಗುವುದು ಹೆಚ್ಚಾಗಿ ಪರಾಗಸ್ಪರ್ಶ ಆಗದಿದ್ದಾಗ. ಸೊಟ್ಟಗಾಗಿ ಹುಳ ಬೀಳುವುದು ಹಣ್ಣು ನೊಣದಿಂದ.

ಹೀರೆಯ ಹೂ ಅರಳುವುದು ಸಂಜೆ ಐದರ ಮೇಲೆ. ಸೋರೆ, ಪಡುವಲವೂ ಹಾಗೆಯೇ. ಜೇನು ಗೂಡಿಗೆ ಮರಳುವ ಹೊತ್ತು ಅದು. ಸೌತೆ, ಹಾಗಲ, ಸಿಹಿಗುಂಬಳ ಬೆಳಿಗ್ಗೆ ಅರಳುವುದರಿಂದ ಅವಕ್ಕೆ ಈ ಕಷ್ಟ ಕಡಿಮೆ. ‘ಬೆಳಿಗ್ಗೆ ಕೈಯಾರೆ ಪರಾಗ ಮುಟ್ಟಿಸಿದೆ, ಆದರೂ ಕಾಯಿ ನಿಲ್ಲಲಿಲ್ಲ’ ಎಂದು ಬರೆಯುವವರೆಲ್ಲ ಹೀರೆ ಬೆಳೆಸುವವರೇ. ಸಂಜೆ ಐದೂವರೆಯಿಂದ ಏಳರೊಳಗೆ ಚಪ್ಪರದಡಿ ಹೋಗಿ. ಗೊಂಚಲಿನಲ್ಲಿ ಉದ್ದ ತೊಟ್ಟಿನ ಮೇಲೆ ಬರುವುದು ಗಂಡು ಹೂ, ಒಂಟಿಯಾಗಿ ಬುಡದಲ್ಲಿ ಪುಟ್ಟ ಹೀರೆಕಾಯಿ ಹೊತ್ತು ಬರುವುದು ಹೆಣ್ಣು. ಆಗ ತಾನೇ ಅರಳಿದ ಗಂಡು ಹೂ ಕಿತ್ತು ಎಸಳು ತೆಗೆದು, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟುಭಾಗಕ್ಕೆ ಸುತ್ತಲೂ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಕೂಡಿಕೊಂಡಿದ್ದರೆ ಮೂರು ದಿನದಲ್ಲಿ ಕಾಯಿ ಉದ್ದವಾಗಿರುತ್ತದೆ. ಹೆಣ್ಣು ಹೂವೇ ಕಾಣದಿದ್ದರೆ ಕಾಯಿರಿ: ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂ. ಸೆಕೆ, ಉದ್ದ ಹಗಲು, ಹೆಚ್ಚಿನ ಸಾರಜನಕ ಮೂರೂ ಗಂಡು ಹೂವನ್ನೇ ಹೆಚ್ಚಿಸುತ್ತವೆ. ಬಳ್ಳಿ ಚಪ್ಪರಕ್ಕೇರಿದ ಮೇಲೆ ತುದಿ ಚಿವುಟಿದರೆ ಪಕ್ಕದ ಕವಲುಗಳಲ್ಲಿ ಹೆಣ್ಣು ಹೂ ಬೇಗ ಬರುತ್ತದೆ.

ಹಣ್ಣು ನೊಣ ಎಳೆಗಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟು ಒಸರಿ ಕಂದು ಚುಕ್ಕೆಯಾಗುತ್ತದೆ, ಅಲ್ಲಿ ಬೆಳವಣಿಗೆ ನಿಂತು ಕಾಯಿ ಡೊಂಕಾಗುತ್ತದೆ. ಒಳಗೆ ಹೊಕ್ಕ ಹುಳುವಿಗೆ ಯಾವ ಸಿಂಪಡಣೆಯೂ ಮುಟ್ಟದು. ಕಾಯಿ ಬೆರಳುದ್ದವಾದಾಗಲೇ ಪತ್ರಿಕೆಯ ಕೊಳವೆಯನ್ನೋ ಹಳೆ ಪಂಚೆಯ ಚೀಲವನ್ನೋ ತೊಡಿಸಿ ತೊಟ್ಟಿನ ಬಳಿ ಕಟ್ಟಿ. ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆದರೆ ನೊಣ ಸಾಕಿದ ಹಾಗೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ವಾರ ಬಿಸಿಲಿಗಿಡಿ. ಮೋಹಕ ಬಲೆ ಕೊಳ್ಳುವಾಗ ‘ಕ್ಯೂಲ್ಯೂರ್’ ಎಂದು ಕೇಳಿ. ಮಾವಿಗೆ ಕಟ್ಟುವ ಮೀಥೈಲ್ ಯುಜಿನಾಲ್ ಬಲೆಗೆ ಬಳ್ಳಿ ತರಕಾರಿಯ ನೊಣ ಬರುವುದಿಲ್ಲ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಚೀಲ ತೊಡಿಸುವುದನ್ನು ಬಿಡಬೇಡಿ.

ಕೇಳದಿದ್ದರೂ ಹೇಳಬೇಕಾದ ಒಂದು ಮಾತು: ಮನೆಯ ಸೋರೆ, ಹೀರೆ, ಸೌತೆಯನ್ನು ಹೆಚ್ಚುವಾಗ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ನೀರು ಸಾಲದೆ ಬಿಸಿಲಿಗೆ ಬಳಲಿದ ಬಳ್ಳಿಯಲ್ಲಿ ಕಹಿ ಹೆಚ್ಚುತ್ತದೆ. ಕಹಿಯಿದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ವಾಂತಿ, ಭೇದಿಯಿಂದ ಆಸ್ಪತ್ರೆ ಸೇರಿದವರಿದ್ದಾರೆ, ಸಾವೂ ಆಗಿದೆ.

ಪ್ರಶ್ನೆ (ಹುಬ್ಬಳ್ಳಿ): ಹಿತ್ತಲದಾಗ ಹತ್ತು ಮೆಣಸಿನ ಗಿಡ ಅದಾವ್ರೀ. ಎಲ್ಲಾ ಎಲಿ ಮುಟುರಿಕೊಂಡಾವ. ಅಂಗಡ್ಯಾಗ ಕೊಟ್ಟ ಎಣ್ಣಿ ಎರಡು ಸಲ ಹೊಡದ್ವಿ, ಏನೂ ಉಪಯೋಗ ಆಗಲಿಲ್ಲ. ಕಿತ್ತು ಒಗೀಬೇಕೇನು?

ಉತ್ತರ: ಎಲೆ ಯಾವ ಕಡೆ ಮುದುಡಿದೆ ಎಂಬುದನ್ನು ನೀವು ಬರೆದಿಲ್ಲ, ಎಲ್ಲವೂ ಅದರ ಮೇಲೇ ನಿಂತಿದೆ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಅಂಚು ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಇಡೀ ಗಿಡ ಕುಳ್ಳಾಗಿ ಎಲೆ ಸುಕ್ಕುಗಟ್ಟಿ ಹಳದಿ ಬೆರೆತಿದ್ದರೆ ಬಿಳಿನೊಣ ತಂದ ನಂಜುರೋಗ. ಈ ಮೂರನೆಯದಕ್ಕೆ ಮಾತ್ರ ಕಿತ್ತು ಒಗೆಯುವುದೇ ಮದ್ದು.

ಬಿಳಿ ಹಾಳೆಯ ಮೇಲೆ ಕುಡಿಯನ್ನು ತಟ್ಟಿ. ಸಣ್ಣ ಗೆರೆಯಂಥ ಕೀಟ ಹರಿದಾಡಿದರೆ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಕಾಣದು. ಥ್ರಿಪ್ಸ್‌ಗೆ ಎಲೆಯಡಿಗೆ ಬೆಳಿಗ್ಗೆ ನೀರು ರಭಸವಾಗಿ ಹಾಯಿಸಿ, ಸಂಜೆ ಬೇವಿನ ಎಣ್ಣೆ ಸಿಂಪಡಿಸಿ, ನೀಲಿ ಅಂಟುಹಾಳೆ ತೂಗುಹಾಕಿ. ಹಳದಿ ಹಾಳೆ ಬಿಳಿನೊಣಕ್ಕೆ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ, ಅಂದರೆ ಶೇ 80ರ ವೆಟಬಲ್ ಸಲ್ಫರ್, ಲೀಟರಿಗೆ 3 ಗ್ರಾಂ. ಅಂಗಡಿಯ ಎಣ್ಣೆ ನಾಟದಿರಲು ಕಾರಣವೂ ಇದೇ ಇರಬೇಕು: ಮೈಟ್ ಎಂಟು ಕಾಲಿನ ಜಾತಿ, ಸಾಮಾನ್ಯ ಕೀಟನಾಶಕ ಅದನ್ನು ಕೊಲ್ಲುವುದಿಲ್ಲ. ಅದನ್ನು ತಿನ್ನುವ ಉಪಕಾರಿ ಕೀಟಗಳನ್ನು ಮಾತ್ರ ಕೊಂದು ತೊಂದರೆ ಹೆಚ್ಚಿಸುತ್ತದೆ.

ಗಂಧಕದ ವಿಷಯದಲ್ಲಿ ಮೂರು ಎಚ್ಚರಿಕೆ. ಹವೆ 32 ಡಿಗ್ರಿಗಿಂತ ಮೇಲಿದ್ದಾಗ ಹೊಡೆದರೆ ಎಲೆ ಸುಡುತ್ತದೆ, ಆದ್ದರಿಂದ ಒಂದು ಅಡ್ಡಮಳೆ ಬಿದ್ದು ತಂಪಾದ ಸಂಜೆ ನೋಡಿಕೊಳ್ಳಿ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಬೇಡ. ಪಕ್ಕದ ಸೌತೆ, ಕುಂಬಳದ ಬಳ್ಳಿಗೆ ಹಾರದಿರಲಿ.

ಪ್ರಶ್ನೆ (ತುಮಕೂರು): ದಾಸವಾಳದ ಕುಡಿಗೆಲ್ಲ ಬಿಳಿ ಹತ್ತಿಯಂಥ ಹುಳು ಮೆತ್ತಿದೆ. ಇರುವೆಗಳೂ ಬಂದಿವೆ.

ಉತ್ತರ: ಹಿಟ್ಟು ತಿಗಣೆ. ಒಣ ಸೆಕೆಯಲ್ಲೇ ಇದರ ಹಾವಳಿ. ದಟ್ಟವಾಗಿ ಮೆತ್ತಿದ ಕುಡಿಯನ್ನು ಒಂದು ಗೇಣು ಕತ್ತರಿಸಿ ನೇರ ಸೋಪಿನ ನೀರಿಗೆ ಹಾಕಿ. ಉಳಿದ ಭಾಗಕ್ಕೆ ಪೈಪಿನಿಂದ ರಭಸವಾಗಿ ನೀರು ಬಿಟ್ಟು ಮೇಣ ತೊಳೆಯಿರಿ. ಮೇಣದ ಮೇಲೆ ಯಾವ ದ್ರಾವಣವೂ ಹತ್ತುವುದಿಲ್ಲ. ಸಂಜೆ ಬೇವಿನ ಎಣ್ಣೆ 5 ಮಿ.ಲೀ.ಗೆ ಮೊದಲು 1–2 ಮಿ.ಲೀ. ದ್ರವ ಸೋಪು ಸೇರಿಸಿ ಚೆನ್ನಾಗಿ ಕಲಕಿ, ಬಿಳಿಯಾದ ಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಬೆರೆಸಿ. ನೀರಿಗೆ ನೇರ ಎಣ್ಣೆ ಸುರಿದರೆ ಎಣ್ಣೆ ತೇಲಿ, ಕೊನೆಯಲ್ಲಿ ಸಿಂಪಡಿಸಿದ ಎಲೆಗೆ ಬರೀ ಎಣ್ಣೆ ಬೀಳುತ್ತದೆ, ಮರುದಿನದ ಬಿಸಿಲಿಗೆ ಅದು ಕರಕಲು. ಬಟ್ಟೆ ಒಗೆಯುವ ಪುಡಿ ಬಳಸಬೇಡಿ. ವಾರಕ್ಕೊಮ್ಮೆ ಮೂರು ಬಾರಿ. ಬೇವಿನ ಬದಲು ಹೊಂಗೆ ಎಣ್ಣೆಯೂ ಆದೀತು.

ಇರುವೆ ತಿಗಣೆಯ ಸಿಹಿ ದ್ರವಕ್ಕೆ ಬಂದು, ಅದನ್ನು ಕಾದು, ಒಂದು ಕುಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಕಾಂಡಕ್ಕೆ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಸವರಿ.

ಸಿಂಪಡಿಸುವ ಮುಂಚೆ ಒಂದು ನಿಮಿಷ ನಿಂತು ನೋಡಿ. ಆ ಬಿಳಿ ಹುಳುಗಳ ನಡುವೆ ಉಳಿದವುಗಳಿಗಿಂತ ದೊಡ್ಡದಾಗಿ, ಉದ್ದ ಮೇಣದ ಎಳೆ ಹೊತ್ತು, ಮುಟ್ಟಿದರೆ ಚುರುಕಾಗಿ ಓಡುವುದು ಕಂಡರೆ ಅದು ತಿಗಣೆಯಲ್ಲ, ತಿಗಣೆ ತಿನ್ನುವ ಕ್ರಿಪ್ಟೋಲೀಮಸ್ ಗುಲಗಂಜಿ ಹುಳುವಿನ ಮರಿ. ಕಾಫಿಯ ಶಲ್ಕ ಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಜಾತಿ ಅದು. ಆ ಕೆಲಸಕ್ಕೆ ಒದಗದಿದ್ದರೂ ಹಿಟ್ಟು ತಿಗಣೆಗೆ ಯಮನಾಗಿ ಇಲ್ಲೇ ನೆಲೆ ನಿಂತಿತು. ಅದು ಬಂದಿದ್ದರೆ ಸಿಂಪಡಣೆ ನಿಲ್ಲಿಸಿ.

ಪ್ರಶ್ನೆ (ಪುತ್ತೂರು): ಕಾಯಿ ಬಿಡುತ್ತಿದ್ದ ಬದನೆ ಗಿಡಗಳು ಹಸಿರಾಗಿರುವಾಗಲೇ ಎರಡು ದಿನದಲ್ಲಿ ಸೊರಗಿ ಸತ್ತವು. ಅದೇ ಜಾಗದಲ್ಲಿ ಮಳೆಗಾಲಕ್ಕೆ ಮತ್ತೆ ಬದನೆ ಹಾಕಬಹುದೇ?

ಉತ್ತರ: ಮೊದಲು ಖಚಿತಪಡಿಸಿಕೊಳ್ಳಿ. ಸೊರಗುತ್ತಿರುವ ಗಿಡದ ಬುಡದ ಕಾಂಡವನ್ನು ಎರಡಂಗುಲ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ ಸೊರಗು. ಕರಾವಳಿಯ ಹುಳಿಮಣ್ಣಿನಲ್ಲಿ ಇದು ಸಾಮಾನ್ಯ. ಇದನ್ನು ಗುಣಪಡಿಸುವ ಔಷಧಿಯಿಲ್ಲ. ಗಿಡವನ್ನು ಬೇರಿನ ಮಣ್ಣಿನ ಸಮೇತ ಕಿತ್ತು ತೋಟದಿಂದ ಹೊರಗೆ ಸುಡಿ. ಆ ಪಾತಿಯಿಂದ ಪಕ್ಕದ ಪಾತಿಗೆ ನೀರು ಹರಿಯದಂತೆ ಏರಿ ಕಟ್ಟಿ. ಅಲ್ಲಿ ಬಳಸಿದ ಹಾರೆಯನ್ನು ತೊಳೆದೇ ಬೇರೆ ಕಡೆ ಬಳಸಿ. ಮೂರು ವರ್ಷ ಅಲ್ಲಿ ಬದನೆ, ಟೊಮೆಟೊ, ಮೆಣಸು ಯಾವುದೂ ಬೇಡ. ಬೆಂಡೆ, ಅಲಸಂಡೆ, ಹರಿವೆ ಆದೀತು.

ಜಾಗ ಅಷ್ಟೇ ಇದೆ ಎನ್ನುವವರು ಬಿಸಿಲನ್ನೇ ಕೆಲಸಕ್ಕೆ ಹಚ್ಚಬೇಕು. ಪಾತಿಯ ಕಳೆ ತೆಗೆದು ಒಂದು ಗೇಣು ಅಗೆದು ಹೆಂಟೆ ಒಡೆದು ಸಮ ಮಾಡಿ. ಒಂದಡಿ ಆಳ ತೇವವಾಗುವಂತೆ ನೀರು ಹಾಯಿಸಿ, ಒಣಮಣ್ಣಿನಲ್ಲಿ ಕಾವು ಒಳಗಿಳಿಯುವುದಿಲ್ಲ. 25ರಿಂದ 50 ಮೈಕ್ರಾನಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ತಾಗುವಂತೆ ಹಾಸಿ, ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂತು ಬಿಗಿ ಮಾಡಿ. ಕಪ್ಪು ಹಾಳೆ ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ನಾಲ್ಕರಿಂದ ಆರು ವಾರ ಹಾಗೇ ಇರಬೇಕು. ನಿಮ್ಮಲ್ಲಿ ಜೂನ್ ಮೊದಲ ವಾರ ಮಳೆ ಹಿಡಿಯುವುದರಿಂದ ಮೇ ಮೊದಲ ದಿನಗಳ ಮೇಲೆ ಶುರುಮಾಡಿದರೆ ಅರ್ಧ ಫಲವೇ. ತಾರಸಿಯವರು ಹಳೆ ಕುಂಡದ ಮಣ್ಣನ್ನು ಆರಂಗುಲ ದಪ್ಪ ಹರವಿ ಇದೇ ರೀತಿ ಮುಚ್ಚಬಹುದು. ಈ ಕಾವಿಗೆ ಒಳ್ಳೆಯ ಜೀವಾಣುಗಳೂ ಸಾಯುತ್ತವೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ 50 ಗ್ರಾಂ ತೆಗೆದುಕೊಂಡು 5 ಕೆ.ಜಿ. ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವವಾಗಿ ಹತ್ತು ದಿನ ಮುಚ್ಚಿಟ್ಟು, ಹಾಳೆ ತೆಗೆದ ಮೇಲೆ ಸೇರಿಸಿ. ಮತ್ತೆ ಆಳವಾಗಿ ಅಗೆಯಬೇಡಿ. ಕಾಯದ ಕೆಳಮಣ್ಣು ಮೇಲೆ ಬರುತ್ತದೆ.

ಬಿಸಿಲು ಕಾಯಿಸುವುದರಿಂದ ಈ ರೋಗ ತಗ್ಗುತ್ತದೆ, ನಿರ್ಮೂಲವಾಗುವುದಿಲ್ಲ. ಆದ್ದರಿಂದ ಅಲ್ಲೇ ಬದನೆ ಬೇಕೆಂದರೆ ‘ಅರ್ಕಾ ನಿಧಿ’, ‘ಅರ್ಕಾ ಕೇಶವ’, ‘ಅರ್ಕಾ ನೀಲಕಂಠ’ದಂಥ ತಡೆಯುಳ್ಳ ತಳಿ, ಇಲ್ಲವೇ ಸುಂಡೆ ಗಿಡದ ಮೇಲೆ ಕಸಿ ಕಟ್ಟಿದ ಸಸಿ ಹಾಕಿ.

ಪ್ರಶ್ನೆ (ಚಿಕ್ಕಬಳ್ಳಾಪುರ): ಹೋದ ವರ್ಷ ಮೇ ತಿಂಗಳಲ್ಲಿ ಹಾಕಿದ ಅವರೆ ಬಳ್ಳಿಯಾಗಿ ಕಾಂಪೌಂಡ್ ತುಂಬಿತು, ಕಾಯಿ ಮಾತ್ರ ಡಿಸೆಂಬರ್‌ವರೆಗೆ ಇಲ್ಲ.

ಉತ್ತರ: ನಾಟಿ ಅವರೆ ಹಗಲು ಗಿಡ್ಡವಾದ ಮೇಲೇ ಹೂ ಬಿಡುವುದು. ಮೇನಲ್ಲಿ ಹಾಕಿದರೂ ಆಗಸ್ಟ್‌ನಲ್ಲಿ ಹಾಕಿದರೂ ಕಾಯಿ ಬರುವುದು ಸೊನೆ ಬೀಳುವ ಚಳಿಯಲ್ಲೇ. ಆಗಸ್ಟ್‌ಗೆ ಬಿತ್ತಿ. ಬೇರೆ ಕಾಲದಲ್ಲೂ ಬೇಕಾದರೆ ‘ಅರ್ಕಾ ಜಯ್’, ‘ಅರ್ಕಾ ವಿಜಯ್’ ಎಂಬ ಗಿಡ್ಡ ತಳಿಗಳು ಹಗಲಿನ ಉದ್ದ ನೋಡುವುದಿಲ್ಲ.

ಪ್ರಶ್ನೆ (ಚಿತ್ರದುರ್ಗ): ದಸರಾಕ್ಕೆ ಚೆಂಡು ಹೂ, ದೀಪಾವಳಿ ಹೊತ್ತಿಗೆ ಸೇವಂತಿಗೆ ಮನೆಯಲ್ಲೇ ಬೇಕು. ಯಾವಾಗ ಹಾಕಬೇಕು? ರಸ್ತೆ ಕಡೆಯ ಸೇವಂತಿಗೆ ಎಷ್ಟೋ ವರ್ಷದಿಂದ ಹೂವೇ ಬಿಟ್ಟಿಲ್ಲ.

ಉತ್ತರ: ಚೆಂಡು ಹೂವಿಗೆ ಸಸಿಮಡಿಯಲ್ಲಿ 25 ದಿನ, ನೆಟ್ಟ ಮೇಲೆ ಸುಮಾರು 60 ದಿನ. ನವರಾತ್ರಿಗೆ 85–90 ದಿನ ಹಿಂದಕ್ಕೆ ಎಣಿಸಿದರೆ ಬೀಜ ಹಾಕುವುದು ಜೂನ್ ಕೊನೆಯಿಂದ ಜುಲೈ ನಡುವಿನೊಳಗೆ. ಈಗ ಹಾಕಿದ್ದು ಶ್ರಾವಣದ ವರಮಹಾಲಕ್ಷ್ಮಿಗೆ ಆದೀತು. ನೆಟ್ಟ ತಿಂಗಳಿಗೆ ಕುಡಿ ಚಿವುಟಿ. ಹೂ ಒಂದು ವಾರ ತಡವಾಗಿ, ಹೆಚ್ಚು ಬರುತ್ತದೆ.

ಸೇವಂತಿಗೆಯ ಬುಡದಲ್ಲೆದ್ದ ಮರಿಗಿಡಗಳನ್ನು ಬೇರು ಸಮೇತ ಬಿಡಿಸಿ ಮೇ ಕೊನೆಯಿಂದ ಜೂನ್‌ನೊಳಗೆ ನೆಡಿ, ನಾಲ್ಕು ವಾರಕ್ಕೆ ಕುಡಿ ಚಿವುಟಿ. ರಸ್ತೆ ಕಡೆಯದು ಹೂ ಬಿಡದಿರಲು ಬೀದಿದೀಪವೇ ಕಾರಣವಿರಬೇಕು. ಸೇವಂತಿಗೆಗೆ ಉದ್ದ ಕತ್ತಲು ಬೇಕು. ರಾತ್ರಿಯಿಡೀ ಬೆಳಕು ಬಿದ್ದರೆ ಅದಕ್ಕೆ ಹಗಲು ಮುಗಿದದ್ದೇ ಗೊತ್ತಾಗುವುದಿಲ್ಲ. ಕುಂಡವನ್ನು ಹಿತ್ತಿಲಿಗೆ ಸಾಗಿಸಿ.

ಪ್ರಶ್ನೆ (ಸೋಮವಾರಪೇಟೆ): ಮೊದಲ ಮಳೆಗೇ ದೊಡ್ಡ ಬಸವನಹುಳುಗಳು ಎದ್ದು ಸಸಿಗಳನ್ನೆಲ್ಲ ಮೇಯುತ್ತವೆ. ಉಪ್ಪು ಎರಚಬಹುದೇ?

ಉತ್ತರ: ಮಣ್ಣಿಗೆ ಉಪ್ಪು ಬೇಡ, ಹುಳುವಿನ ಜೊತೆ ಮಣ್ಣೂ ಹಾಳು. ಮಳೆ ಬಂದ ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ, ಎಲೆಕೋಸಿನ ಸಿಪ್ಪೆ ಇಟ್ಟರೆ ರಾತ್ರಿ ಅಲ್ಲಿ ಸೇರುತ್ತವೆ. ಮುಂಜಾನೆ ಕೈಗವಸು ಹಾಕಿ ಆರಿಸಿ, ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಆಳವಾಗಿ ಹೂಳಿ. ಬರಿಗೈಯಿಂದ ಮುಟ್ಟಬಾರದು. ಈ ಆಫ್ರಿಕನ್ ಬಸವನಹುಳು ಮನುಷ್ಯರ ಮಿದುಳಿನ ಪೊರೆಗೆ ಕುತ್ತು ತರುವ ಜಂತುವನ್ನು ಹೊತ್ತಿರಬಹುದು. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ ತಿಂದರೆ ಸಾಯುತ್ತದೆ. ನಾಯಿ ಸಾಕಿದ ಮನೆಯಲ್ಲಿ ಅದರ ಮಾತೇ ಬೇಡ.

ಪ್ರಶ್ನೆ (ಶಿವಮೊಗ್ಗ): ಮೊಟ್ಟೆ ಸಿಪ್ಪೆ, ಒಲೆಬೂದಿ, ಟೀ ಚರಟ ಇವುಗಳಿಂದ ಲಾಭವುಂಟೇ?

ಉತ್ತರ: ಸಿಪ್ಪೆ ಕರಗಲು ವರ್ಷಗಳೇ ಬೇಕು. ನುಣ್ಣಗೆ ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಬೂದಿ ನಿಮ್ಮ ಮಲೆನಾಡಿನ ಹುಳಿಮಣ್ಣಿಗೆ ಒಳ್ಳೆಯದು, ಗಿಡಕ್ಕೆ ಒಂದು ಹಿಡಿ. ಬಯಲುಸೀಮೆಯ ಗಡಸು ನೀರಿನವರು ಹಾಕಬಾರದು. ಹಾಲು, ಸಕ್ಕರೆ ಬೆರೆತ ಚರಟ ಇರುವೆಗೆ ಆಹ್ವಾನ, ತೊಳೆದು ಗುಂಡಿಗೆ ಹಾಕಿ.

ಪ್ರಶ್ನೆ (ಮಂಡ್ಯ): ಕರಿಬೇವು ಒಂದೇ ಕೋಲಾಗಿ ಎಂಟಡಿ ಹೋಗಿದೆ. ತುದಿಯಲ್ಲಷ್ಟೇ ಎಲೆ, ಅದನ್ನೂ ಹಸಿರು ಹುಳು ತಿನ್ನುತ್ತಿದೆ.

ಉತ್ತರ: ಹುಳು ನಿಂಬೆ ಜಾತಿಯ ಚಿಟ್ಟೆಯದು. ಮರಿಯಾಗಿದ್ದಾಗ ಹಕ್ಕಿ ಹಿಕ್ಕೆಯ ಹಾಗೆ ಕಂದು ಬಿಳಿ ಮಚ್ಚೆ ಇರುತ್ತದೆ, ಬಲಿತಾಗ ಹಸಿರು. ಕೈಯಿಂದ ಆರಿಸಿದರೆ ಸಾಕು, ಅಡುಗೆಗೆ ಹೋಗುವ ಎಲೆಗೆ ಔಷಧಿ ಬೇಡ. ಒಂದೆರಡು ದೊಡ್ಡ ಮಳೆ ಬಿದ್ದ ಮೇಲೆ ಗಿಡವನ್ನು ಮೂರಡಿ ಎತ್ತರಕ್ಕೆ ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಕೊಯ್ದ ಬಾಯಿಗೆ ಅರಿಸಿನ ಮೆತ್ತಿ. ಬುಡಕ್ಕೆ ಎರಡು ಬೊಗಸೆ ಕಳಿತ ಗೊಬ್ಬರ ಹಾಕಿ. ಮೂರ್ನಾಲ್ಕು ವಾರದಲ್ಲಿ ಪಕ್ಕದ ಕವಲು ಒಡೆಯುತ್ತವೆ. ಮುಂದೆ ಒಗ್ಗರಣೆಗೆ ಬೇಕಾದಾಗ ಬಿಡಿ ಎಲೆ ಕೀಳದೆ ಎಲೆಕಡ್ಡಿಯನ್ನೇ ಬುಡದಿಂದ ಮುರಿದುಕೊಳ್ಳಿ. ಕಾಯಿಗೊಂಚಲು ಬಂದರೆ ಎಳೆಯದಿರುವಾಗಲೇ ಚಿವುಟಿ.